ಹಿಂದಿನ ಗೀರು

ಪ್ಲಾಸ್ಟಿಕ್ಕಿಗೆ ತೆಂಗಿನೆಣ್ಣೆ ಹಚ್ಚುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಎಣ್ಣೆ ಹಚ್ಚಲು ಅದೇನು ಮಗುವಿನ ತಲೆಯೇ? ಹಚ್ಚಿದ ದಿನ ಫಳಫಳ, ಮರುದಿನ ಊರಿನ ಧೂಳೆಲ್ಲ ಅದರ ಮೇಲೆ. ಇನ್ನು ಕೆಲವರು ಯಾವುದೋ ವಿಡಿಯೋ ನೋಡಿ ಹೆಡ್‌ಲೈಟಿಗೆ ಟೂತ್‌ಪೇಸ್ಟ್ ತಿಕ್ಕಿ, ಇದ್ದ ಬೆಳಕನ್ನೂ ಕಳೆದುಕೊಂಡು ನನ್ನಲ್ಲಿಗೆ ಬರುತ್ತಾರೆ. ಮೊದಲು ಚೆನ್ನಾಗಿ ಬೈಯುತ್ತೇನೆ. ಆಮೇಲೆ ಗಾಡಿ ಒಳಗೆ ತೆಗೆದುಕೊಳ್ಳುತ್ತೇನೆ.

ನನ್ನ ಹೆಸರು ಕಾಂತಿ. ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಪಕ್ಕದ ಓಣಿಯಲ್ಲಿ ನನ್ನ ಅಂಗಡಿ. ಗೀರು ಬಿದ್ದ, ಬಣ್ಣ ಮಾಸಿದ ಗಾಡಿಯ ಪ್ಲಾಸ್ಟಿಕ್ ಭಾಗಗಳಿಗೆ ಹೊಳಪು ಬರಿಸಿಕೊಡುವುದು ನನ್ನ ಕೆಲಸ. ಹೆಸರಿಗೆ ತಕ್ಕ ಕಸುಬು ಎಂದು ನಮ್ಮ ಯಜಮಾನರು ಶೀನಪ್ಪ ಶೆಟ್ಟರು ಬಂದವರ ಎದುರೆಲ್ಲ ತಮಾಷೆ ಮಾಡುತ್ತಾರೆ. ಮಾಡಲಿ. ನನ್ನ ತಮ್ಮ ಅಶ್ವಿತ್ ದುಬೈಗೆ ಹೋಗುವಾಗ ತನ್ನ ಪಾಲಿಶ್ ಉಜ್ಜುವ ಬಫಿಂಗ್ ಮೆಷಿನ್ನನ್ನು ಗುಜರಿಗೆ ಹಾಕಲು ಹೊರಟಿದ್ದ. ಅದನ್ನು ಕಸಿದು ಇಟ್ಟುಕೊಂಡು, ಒಂದೆರಡು ಗಾಡಿ ಹಾಳು ಮಾಡಿಯೇ ಕಲಿತವಳು ನಾನು.

ಇಲ್ಲಿ ಕಾಲೇಜು ಮಕ್ಕಳಿಗೆ ಬರವಿಲ್ಲ. ಬೀದರಿನಿಂದ ಹಿಡಿದು ಚಾಮರಾಜನಗರದವರೆಗಿನ ಮಕ್ಕಳು ಇಲ್ಲಿ ಹಾಸ್ಟೆಲಿನಲ್ಲಿ ಇದ್ದಾರೆ. ಅಪ್ಪ ಕೊಡಿಸಿದ ಸ್ಕೂಟರನ್ನು ಎಲ್ಲೆಲ್ಲೋ ಉಜ್ಜಿ, ಪೋಷಕರ ಸಭೆಯ ಹಿಂದಿನ ದಿನ ಓಡಿ ಬರುತ್ತಾರೆ. "ಆಂಟಿ, ನಾಳೆ ಅಪ್ಪ ಬರ್ತಾರೆ, ಹೇಗಾದ್ರೂ ಮಾಡಿ ಆಂಟಿ!" ಆ ಮುಖ ನನಗೆ ಬಾಯಿಪಾಠ. ಅದೇ ಮುಖ ಹೊತ್ತು, ನಿವೃತ್ತಿಗೆ ಹತ್ತಿರವಾದ ಕನ್ನಡ ಟೀಚರೊಬ್ಬರು ನನ್ನ ಅಂಗಡಿಗೆ ಬಂದದ್ದು ಮಾತ್ರ ಮೊನ್ನೆಯೇ ಮೊದಲು.

ಪುತ್ತಿಗೆಯ ವಾಗ್ದೇವಿ ಟೀಚರ್. ನನ್ನ ಮಗಳು ಸಾತ್ವಿಕಾಳಿಗೆ ಕನ್ನಡ ಕಲಿಸಿದವರು. ಬೆಳಿಗ್ಗೆ ನಾನು ಇನ್ನೂ ಶಟರ್ ಎತ್ತುತ್ತಿದ್ದೆ, ಅವರು ಸ್ಕೂಟರ್ ಸಮೇತ ಬಾಗಿಲಲ್ಲಿ ನಿಂತಿದ್ದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು, ತಲೆಯಲ್ಲಿ ಹೆಲ್ಮೆಟ್.

"ಕಾಂತಿಯವರೇ, ನನ್ನ ಮಾನ ನಿಮ್ಮ ಕೈಯಲ್ಲಿದೆ" ಎಂದರು.

"ಎಂತ ಆಯ್ತು ಟೀಚರ್? ಬಿದ್ದಿರಾ?"

"ಬೀಳಲಿಲ್ಲ. ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ನಮ್ಮ ಗೇಟಿನ ಕೆಂಪುಕಲ್ಲಿನ ಕಂಬ ಉಂಟಲ್ಲ, ಅದು ಉಜ್ಜಿತು."

ಕಂಬ ಬಂದು ಉಜ್ಜಿದ ಹಾಗೆ ಹೇಳಿದರು! ನಗು ಬಂತು, ತಡೆದುಕೊಂಡೆ. ಯಾಕೆಂದರೆ ಅವರ ಕಣ್ಣು ತುಂಬಿತ್ತು.

ಕಥೆ ಇಷ್ಟು. ಟೀಚರಿಗೆ ತಾಳಮದ್ದಲೆಯ ಹುಚ್ಚು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳಿದ ಮೇಲೆ ಕುಳಿತಲ್ಲಿಂದಲೇ ಮಾತಿಗೆ ಮಾತು ಕೊಟ್ಟು ವಾದ ಮಾಡುವ ಕಲೆ ಅದು. ಆ ಮಾತಿಗೆ ಅರ್ಥ ಹೇಳುವುದು ಎನ್ನುತ್ತಾರೆ. ನಮ್ಮ ಪೇಟೆಯ ಮಹಿಳಾ ತಂಡದಲ್ಲಿ ಅವರಿಗೆ ಜಾಗ ಸಿಕ್ಕಿತ್ತು, ಬರುವ ಆದಿತ್ಯವಾರ ಬೆಳ್ತಂಗಡಿಯ ಕೂಟದಲ್ಲಿ ಮುಖ್ಯ ಅರ್ಥವೇ ಅವರದ್ದು. ಆದರೆ ಅಭ್ಯಾಸ ಮುಗಿಯುವ ಹೊತ್ತಿಗೆ ಪುತ್ತಿಗೆಗೆ ಬಸ್ಸಿಲ್ಲ. ಹಿಂದೊಮ್ಮೆ ಇದೇ ಕಾರಣಕ್ಕೆ ತಂಡ ಬಿಟ್ಟು, ಮನೆಯಲ್ಲಿ ಪಾತ್ರೆಗಳಿಗೆ ಅರ್ಥ ಹೇಳುತ್ತಾ ಕೂತಿದ್ದರಂತೆ. ಈ ಸಲ ಹಟ ಹಿಡಿದು ಶಾಲೆಯ ಪಿ.ಟಿ. ಮೇಡಂ ಸ್ಕೂಟರಿನಲ್ಲಿ ಕಲಿತು, ಲೈಸೆನ್ಸೂ ಮಾಡಿಸಿದರು. ಮನೆಯಲ್ಲಿ ಇದ್ದದ್ದು ಒಂದೇ ಸ್ಕೂಟರ್, ಅದು ಗಂಡ ತಿರುಮಲೇಶ್ವರ ಭಟ್ಟರದ್ದು. ಅವರು ಅದನ್ನು ದೇವರ ವಿಗ್ರಹದ ಹಾಗೆ ಒರೆಸಿ, ಹೊದಿಸಿ ಇಡುವವರು. ಅಣ್ಣನ ಮೊಮ್ಮಗನ ಉಪನಯನಕ್ಕೆಂದು ಕನ್ಯಾನಕ್ಕೆ ಹೊರಡುವಾಗ ಬಹಳ ಕಷ್ಟದಲ್ಲಿ ಕೀ ಕೊಟ್ಟಿದ್ದರು, ಒಂದು ಷರತ್ತಿನ ಮೇಲೆ.

"ನಾನು ಬರುವಾಗ ಒಂದೇ ಒಂದು ಹೊಸ ಗೀರು ಇರಬಾರದು. ಇದ್ದರೆ ಕೀ ವಾಪಸು, ಮತ್ತೆ ಆ ಸುದ್ದಿ ಎತ್ತಬಾರದು. ಹಾಗೆ ಹೇಳಿದ್ದಾರೆ" ಎಂದು ಟೀಚರ್ ಕಣ್ಣೊರೆಸಿಕೊಂಡರು. "ಇವತ್ತು ಸಂಜೆಯ ಬಸ್ಸಿಗೆ ಬರ್ತಾರೆ. ಕೀ ಹೋದರೆ ನನ್ನ ಅರ್ಥವೂ ಹೋಯಿತು."

"ಅಳ್ಬೇಡಿ ಟೀಚರೇ. ನಾನಿಲ್ವಾ? ಎಲ್ಲಾ ತೆಗಿತೇನೆ."

"ಅಯ್ಯೋ, ಎಲ್ಲಾ ಬೇಡ! ಹಿಂದಿನ ಗೀರುಗಳನ್ನು ದಯವಿಟ್ಟು ಮುಟ್ಟಬೇಡಿ. ಅವು ಹಾಗೆಯೇ ಇರಬೇಕು. ಇಲ್ಲದಿದ್ದರೆ ಅವರಿಗೆ ಸಂಶಯ ಬರುತ್ತದೆ" ಎಂದು ಹೇಳಿ, ಶಾಲೆಯ ಗಂಟೆ ಹೊಡೆಯುತ್ತದೆಂದು ಬಸ್ಸಿಗೆ ಓಡಿದರು.

ನಾನು ಗಾಡಿಗೆ ಒಂದು ಸುತ್ತು ಬಂದು ನೋಡಿದೆ. ಮುಂದಿನ ಭಾಗದಲ್ಲಿ ಒಂದು ಉದ್ದದ ಗೀರು, ಅದರ ಕೆಳಗೆ ಒಂದೆರಡು ಸಣ್ಣವು. ಹಿಂದೆ ಸೀಟಿನ ಕೆಳಗಿನ ಪ್ಯಾನೆಲ್ಲಿನಲ್ಲಿ ಬೆಕ್ಕು ಪರಚಿದ ಹಾಗೆ ಒಂದು ರಾಶಿ ಗೀರು. ಹಿಂದಿನದ್ದನ್ನು ಮುಟ್ಟಬೇಡಿ ಎಂದಿದ್ದಾರೆ. ಸರಿ, ಕಂಬ ಉಜ್ಜಿದ್ದು ಮುಂದಿನ ಭಾಗಕ್ಕೆ, ಹಿಂದಿನವು ಭಟ್ಟರಿಗೆ ಗೊತ್ತಿರುವವು ಇರಬೇಕು ಎಂದು ನಾನೇ ಒಂದು ಕಾರಣ ಹುಡುಕಿಕೊಂಡೆ. ಓದಿದವರ ಮಾತು, ನಮಗ್ಯಾಕೆ ಅಧಿಕಪ್ರಸಂಗ?

ಮೊದಲು ಸೋಪಿನ ನೀರಿನಲ್ಲಿ ತೊಳೆದೆ. ಥೂ, ತೆಂಗಿನೆಣ್ಣೆ! ಭಟ್ಟರು ಮುಂದಿನ ಭಾಗಕ್ಕೆ ಎಣ್ಣೆ ಬಳಿದು ಬಳಿದು ಅಂಟು ಮಾಡಿಟ್ಟಿದ್ದರು. ಬ್ರಶ್ ಹಾಕಿದರೆ ಉದ್ದದ ಗೀರಿನ ಒಳಗಿಂದ ಕೆಂಪು ನೀರು ಇಳಿಯಿತು. ಕೆಂಪುಕಲ್ಲಿಗೆ ಉಜ್ಜಿದ ಗಾಡಿಯಲ್ಲಿ ಕೆಂಪು ಇರದೆ ಇನ್ನೇನು? ಅದನ್ನು ತಲೆಗೆ ಹಚ್ಚಿಕೊಳ್ಳಲಿಲ್ಲ. ಗೀರಿನ ಮೇಲೆ ಉಗುರು ಎಳೆದು ನೋಡಿದೆ. ಉಗುರು ಸಿಕ್ಕಿಕೊಂಡರೆ ಗೀರು ಆಳ, ಬಣ್ಣವನ್ನೇ ಹೊಸದಾಗಿ ಹಚ್ಚಬೇಕು. ಜಾರಿದರೆ ಪಾಲಿಶಿಗೆ ಹೋಗುತ್ತದೆ. ಜಾರಿತು. ನೀರು ಬಿಟ್ಟುಕೊಂಡು ನಯವಾದ ವಾಟರ್ ಪೇಪರಿನಲ್ಲಿ ಉಜ್ಜಿದೆ, ಕಂಪೌಂಡ್ ಎಂಬ ಪಾಲಿಶಿನ ಲೇಪ ಹಚ್ಚಿ ಬಫಿಂಗ್ ಕೊಟ್ಟೆ. ಮೆಷಿನ್ ಗುಂಯ್ ಎನ್ನುತ್ತಿದ್ದ ಹಾಗೆ ಮಂಕು ಕರಗಿ, ಒಳಗಿನಿಂದ ಆ ನೀಲಿ ಬಣ್ಣ ಎದ್ದು ಬಂತು ನೋಡಿ, ಆಹಾ! ಎಷ್ಟು ಗಾಡಿ ಮಾಡಿದರೂ ಆ ಒಂದು ಗಳಿಗೆಗೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಖುಷಿ ನೆತ್ತಿಗೇರಿತು. ಮಡ್‌ಗಾರ್ಡೂ ಕಾಲಿಡುವ ಜಾಗವೂ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದ್ದವು. ಹೇಳದಿದ್ದರೂ ಅವಕ್ಕೆ ಹಾಟ್ ಏರ್ ಗನ್ ಹಿಡಿದೆ. ಬಿಸಿ ಗಾಳಿ ತಾಗಿದಲ್ಲೆಲ್ಲ ಬೂದಿ ಹೋಗಿ ಕಪ್ಪು ಬರುತ್ತದೆ, ಒಂದು ಕ್ಷಣ ಹೆಚ್ಚು ಹಿಡಿದರೆ ಪ್ಲಾಸ್ಟಿಕ್ಕೇ ಜೋತು ಬೀಳುತ್ತದೆ. ಕೈ ನಿಲ್ಲಿಸದೆ ಆಡಿಸಿದೆ. ಮುಗಿದಾಗ ಗಾಡಿ ಮುಂದಿನಿಂದ ಮದುಮಗಳು. ಹಿಂದಿನಿಂದ ಗುಜರಿ. ಮೊದಲು ಹೇಗಿತ್ತು, ಈಗ ಹೇಗಾಯಿತು ಎಂದು ಮುಂಭಾಗದ ಎರಡು ಫೋಟೋ ಸೇರಿಸಿ, ಯಾವಾಗಿನ ಹಾಗೆ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ನನಗೆ ಜಾಹೀರಾತು ಎಂದರೆ ಅದೊಂದೇ.

ಶಾಲೆ ಬಿಟ್ಟು ಟೀಚರ್ ಬಂದರು. ಮುಂದಿನಿಂದ ನೋಡಿ ಬಾಯಿ ತೆರೆದರು. ಹಿಂದೆ ಹೋಗಿ ನೋಡಿದರು. ತೆರೆದ ಬಾಯಿ ಹಾಗೆಯೇ ಉಳಿಯಿತು.

"ಕಾಂತಿಯವರೇ, ಇದೇನು ಮಾಡಿದ್ದೀರಿ?"

"ನೀವು ಹೇಳಿದ ಹಾಗೇ ಮಾಡಿದ್ದೇನೆ ಟೀಚರ್. ಹಿಂದಿನದ್ದು ಮುಟ್ಟಲಿಲ್ಲ."

"ಹಿಂದಿನದ್ದು ಅಂದರೆ ಮೊದಲಿನದ್ದು, ಹಳೆಯದ್ದು! ಮುಂದಿರುವ ಗೀರುಗಳು ಅವರ ಕಾಲದ್ದು. ಹಿಂದೆ ಇರುವುದು ನನ್ನದು!"

ನನಗೆ ತಲೆ ಗಿರ್ರೆಂದಿತು. ನಾವು ಮನೆಯಲ್ಲಿ ತುಳು ಮಾತಾಡುವವರು. ತುಳುವಿನಲ್ಲಿ ಮುಂದಿನದ್ದಕ್ಕೂ ದುಂಬು, ಕಳೆದುಹೋದ ಕಾಲಕ್ಕೂ ದುಂಬು. ನಮಗೆ ಹಳೆಯದೆಲ್ಲ ಮುಂದೆ ಇರುತ್ತದೆ. ಈ ಕನ್ನಡದವರಿಗೆ ಹಳೆಯದೆಲ್ಲ ಹಿಂದೆ! ಇದನ್ನು ಯಾರು ಕಂಡಿದ್ದಾರೆ?

"ಹಳೇದು ಅಂತ ಹೇಳ್ಲಿಕ್ಕೆ ಆಗ್ಲಿಲ್ವಾ ಮಾರಾಯ್ರೆ?" ಎಂದು ಸಿಟ್ಟಿನಲ್ಲಿ ಕೂಗಿಯೇಬಿಟ್ಟೆ.

"ನಾನಾರ್ಥ ಪದ" ಎಂದರು ಟೀಚರ್ ಸ್ಟೂಲಿನ ಮೇಲೆ ಕುಸಿಯುತ್ತಾ. "ಪ್ರತಿ ವರ್ಷ ಮಕ್ಕಳಿಗೆ ಕಲಿಸ್ತೇನೆ. ನನ್ನ ಕಾಲಿಗೇ ಸುತ್ತಿಕೊಂಡಿತು."

ಬಸ್ಸು ಬರಲು ಇನ್ನೂ ಸ್ವಲ್ಪ ಹೊತ್ತಿತ್ತು. ಹಿಂದಿನದ್ದನ್ನೂ ಈಗಲೇ ತೆಗೆದುಬಿಡುವ ಎಂದು ಬಫಿಂಗ್ ಮೆಷಿನ್ ಕೈಗೆತ್ತಿಕೊಂಡು ಗುಂಡಿ ಒತ್ತಿದೆ. ಗುಂಯ್ ಎನ್ನಲಿಲ್ಲ. ಮೇಲೆ ನೋಡಿದರೆ ಫ್ಯಾನೂ ನಿಂತಿತ್ತು. ಕರೆಂಟಿನವರಿಗೂ ಇದೇ ಗಳಿಗೆ ಬೇಕಿತ್ತು!

ಟೀಚರ್ ನಿಂತ ಫ್ಯಾನನ್ನೂ ಗಾಡಿಯನ್ನೂ ನೋಡಿದರು. ಮತ್ತೆ ಥಟ್ಟನೆ ಎದ್ದರು. "ಹಿಂದಿನದ್ದಕ್ಕೆ ಒಂದು ಚೀಲ ನೇತು ಹಾಕಿ ಇವತ್ತಿನ ಸಂಜೆ ದಾಟಿಸ್ತೇನೆ. ನಾಳೆ ನೀವು ತೆಗೆದುಕೊಡಿ. ಮುಂದಿನದ್ದು ಮಾತ್ರ ಮೊದಲಿನ ಹಾಗೆ ಆಗಬೇಕು."

"ಮೊದಲಿನ ಹಾಗೆ ಅಂದ್ರೆ?"

"ಗೀರು ವಾಪಸು ಹಾಕಿ."

ನನ್ನ ಕಿವಿಯನ್ನೇ ನಾನು ನಂಬಲಿಲ್ಲ. "ಟೀಚರ್, ನನ್ನ ಜೀವಮಾನದಲ್ಲಿ ಯಾರ ಗಾಡಿಗೂ ನಾನು ಗೀರು ಹಾಕಿದವಳಲ್ಲ. ನನ್ನಿಂದ ಆಗ್ಲಿಕ್ಕಿಲ್ಲ."

"ಆ ಉದ್ದದ ಗೀರು ನಿಮಗೆ ಗೊತ್ತಿಲ್ಲ ಕಾಂತಿಯವರೇ. ಅದಕ್ಕೊಂದು ಚರಿತ್ರೆ ಉಂಟು. ಗಾಡಿ ಹೊಸತಿರುವಾಗ ಇಲ್ಲೇ ಬಸ್ ಸ್ಟ್ಯಾಂಡಿನಲ್ಲಿ ಯಾವನೋ ಕಾಲೇಜು ಹುಡುಗ ಬೈಕ್ ತಂದು ಗುದ್ದಿದ್ದಂತೆ. ಬಂದ ನೆಂಟರಿಗೆಲ್ಲ ಆ ಗೀರು ತೋರಿಸಿ, ಜಾಗ್ರತೆ ಇಲ್ಲದವರ ಕೈಗೆ ಗಾಡಿ ಕೊಡಬಾರದು ಅಂತ ಭಾಷಣ ಮಾಡ್ತಾರೆ. ಅದು ಕಾಣದಿದ್ದರೆ ಪಾಲಿಶ್ ಮಾಡಿಸಿದ್ದು ಯಾಕೆ ಅಂತ ಕೇಳದೆ ಬಿಡ್ತಾರಾ?"

ನಾನು ಬೇಡ ಎಂದೆ, ಅವರು ಬೇಕು ಎಂದರು. ತಾಳಮದ್ದಲೆಯವರ ಹತ್ತಿರ ವಾದ ಮಾಡಿ ಗೆಲ್ಲಲು ನನ್ನಿಂದ ಸಾಧ್ಯವೇ? ನಾನು ಕೈಕಟ್ಟಿ ನಿಂತದ್ದು ಕಂಡು ಅವರೇ ಹೊರಗೆ ಹೋಗಿ, ಕಾಂಪೌಂಡಿನಿಂದ ಉದುರಿದ ಒಂದು ಕೆಂಪುಕಲ್ಲಿನ ಚೂರು ಹೆಕ್ಕಿ ತಂದರು. ಮುಂದೆ ಮೊಣಕಾಲೂರಿ ಕೂತು, ಒಂದು ಕಣ್ಣು ಮುಚ್ಚಿ, ಗೀರು ಎಲ್ಲಿಂದ ಎಲ್ಲಿಯವರೆಗೆ ಇತ್ತೆಂದು ಬೆರಳಿನಲ್ಲಿ ಅಳೆದರು. ನಾನು ಮಾಡಿದ ಹೊಳಪಿನಲ್ಲಿ ಅವರ ಮುಖ ಕನ್ನಡಿಯಲ್ಲಿ ಕಂಡಂತೆ ಕಾಣುತ್ತಿತ್ತು. ಟೀಚರ್ ಕಲ್ಲು ಎತ್ತಿದರು.

"ಇದೆಂತರ?"

ಬಾಗಿಲಲ್ಲಿ ತಿರುಮಲೇಶ್ವರ ಭಟ್ಟರು! ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮೊಬೈಲು. ಟೀಚರ ಕೈಯಿಂದ ಕಲ್ಲು ಟಪ್ಪೆಂದು ಬಿತ್ತು. ಗಂಡ ಹೆಂಡತಿ ತಮ್ಮ ಹವ್ಯಕ ಭಾಷೆಯಲ್ಲಿ ಏನೇನೋ ವೇಗವಾಗಿ ಹೇಳಿಕೊಂಡರು. ಆಮೇಲೆ ನಾನಿದ್ದೇನೆಂದು ನೆನಪಾಗಿ ಭಟ್ಟರು ಕನ್ನಡಕ್ಕೆ ಬಂದರು.

"ಊಟಕ್ಕೆ ಕೂರುವಾಗ ಫೋನು ನೋಡ್ತೇನೆ, ಕಾಂತಿಯಮ್ಮನ ಸ್ಟೇಟಸ್ಸಿನಲ್ಲಿ ನನ್ನ ಸ್ಕೂಟರ್! ಪಾಯಸಕ್ಕೂ ಕಾಯದೆ ಎದ್ದು ಬಂದೆ. ವಿಟ್ಲಕ್ಕೆ ಒಂದು ಬಸ್ಸು, ಬಂಟ್ವಾಳಕ್ಕೆ ಒಂದು ಬಸ್ಸು, ಇಲ್ಲಿಗೆ ಒಂದು ಬಸ್ಸು. ಬಂದು ನೋಡಿದ್ರೆ ಇವಳು ಕಲ್ಲು ಹಿಡಿದು ಕೂತಿದ್ದಾಳೆ!"

ಅಯ್ಯೋ ನನ್ನ ಕರ್ಮವೇ! ಭಟ್ಟರು ಯಾವಾಗಲೋ ಹೆಡ್‌ಲೈಟಿನ ಮಂಕು ತೆಗೆಸಿಕೊಂಡು ಹೋಗಿದ್ದರು. ಅವರ ನಂಬರು ನನ್ನ ಫೋನಿನಲ್ಲಿ ಉಳಿದದ್ದು ನನಗೆ ಮರೆತೇ ಹೋಗಿತ್ತು. ಒಂದು ಕೆಡಿಸಿದ್ದು ಸಾಲದೆಂದು ಎರಡು ಕೆಡಿಸಿದ್ದೆ.

ಭಟ್ಟರು ಗಾಡಿಗೆ ಸುತ್ತು ಬಂದರು. ಹಿಂದಿನ ಪ್ಯಾನೆಲ್ಲಿನ ಹತ್ತಿರ ನಿಂತರು. ಕನ್ನಡಕ ಸರಿ ಮಾಡಿಕೊಂಡು ಗೀರುಗಳ ಮೇಲೆ ಬೆರಳಾಡಿಸಿದರು.

ಟೀಚರ್ ಎದ್ದು ನಿಂತರು. ಸೆರಗು ಸರಿ ಮಾಡಿಕೊಂಡರು. ಕೂಟದಲ್ಲಿ ಅರ್ಥ ಹೇಳುವವರ ಗತ್ತಿನಲ್ಲೇ, ಆದರೆ ಸ್ವರ ಸ್ವಲ್ಪ ನಡುಗುತ್ತಾ ಹೇಳಿದರು: "ಹೊಸ ಗೀರು ಬಿದ್ದದ್ದು ಹೌದು. ಹಾಕಿದವಳು ನಾನೇ. ಮುಚ್ಚಿಡಲು ನೋಡಿದ್ದೂ ಹೌದು. ಅದು ಸಣ್ಣತನ. ಷರತ್ತಿಗೆ ಒಪ್ಪಿ ಕೀ ತೆಗೆದುಕೊಂಡವಳು ನಾನು, ಮಾತಿಗೆ ತಪ್ಪುವವಳಲ್ಲ." ಹಾಗೆಂದು ಕೀಯನ್ನು ಭಟ್ಟರ ಅಂಗೈಯಲ್ಲಿ ಇಟ್ಟುಬಿಟ್ಟರು. ಇಟ್ಟ ಮೇಲೆ ಗೋಡೆಯ ಕಡೆ ಮುಖ ತಿರುಗಿಸಿ ನಿಂತರು.

ಹಿಂದು ಮುಂದು ಮಾಡಿದವಳು ನಾನು, ಊರಿಗೆಲ್ಲ ಫೋಟೋ ತೋರಿಸಿದವಳು ನಾನು, ಶಿಕ್ಷೆ ಅವರಿಗೆ. ಭಟ್ಟರು ಕೀಯನ್ನು ಕಿಸೆಗೆ ಹಾಕುತ್ತಾ ಶುರು ಮಾಡಿದರು: "ನೋಡಿ ಕಾಂತಿಯಮ್ಮ, ಇಷ್ಟು ವರ್ಷ ನನ್ನ ಕೈಯಲ್ಲಿ ಇದಕ್ಕೆ ಒಂದು ಗೀರು ಆಗಲಿಲ್ಲ. ಆ ಕಾಲೇಜು ಹುಡುಗ ಒಬ್ಬ ಬಂದು ಗುದ್ದಿದ್ದು ಬಿಟ್ಟರೆ..."

ಆಗ ನನಗೆ ಬೆಳಗ್ಗಿನ ಕೆಂಪು ನೀರು ನೆನಪಾಯಿತು.

"ಭಟ್ರೇ, ನಿಮ್ಮ ಫೋನು ಕೊಡಿ ಇಲ್ಲಿ" ಎಂದು ಕಸಿದೇ ತೆಗೆದುಕೊಂಡೆ. ಸ್ಟೇಟಸ್ಸಿನಲ್ಲಿದ್ದ ಮೊದಲಿನ ಫೋಟೋ ದೊಡ್ಡದು ಮಾಡಿ ಅವರ ಮೂಗಿಗೆ ಹಿಡಿದೆ. "ಈ ಉದ್ದದ ಗೀರಿನ ಒಳಗೆ ಕೆಂಪು ಕಾಣ್ತದಲ್ಲ, ಇದು ಎಂತ? ನೀವು ಮೇಲಿನಿಂದ ತೆಂಗಿನೆಣ್ಣೆ ಬಳಿದು ಬಳಿದು ಉಪ್ಪಿನಕಾಯಿ ಹಾಕಿದ ಹಾಗೆ ಇದನ್ನು ಇಟ್ಟುಕೊಂಡಿದ್ದೀರಿ. ತೊಳೆಯುವಾಗ ನನ್ನ ಕೈಯೆಲ್ಲ ಕೆಂಪಾಯ್ತು. ಇಲ್ಲಿ ನೋಡಿ ಹಿಂದೆ, ಟೀಚರ ಗೀರಿನಲ್ಲೂ ಅದೇ ಕೆಂಪು. ಕಾಲೇಜು ಹುಡುಗರ ಬೈಕನ್ನು ಈಗ ಕೆಂಪುಕಲ್ಲಿನಲ್ಲಿ ಮಾಡ್ತಾರಾ ಭಟ್ರೇ?"

ಟೀಚರ್ ನಿಧಾನವಾಗಿ ಗೋಡೆಯಿಂದ ಈ ಕಡೆ ತಿರುಗಿದರು. ಫೋಟೋ ನೋಡಿದರು, ಗಂಡನ ಮುಖ ನೋಡಿದರು. ಭಟ್ಟರು ಕೆಮ್ಮಿದರು. ಹೊರಗೆ ಹೋಗುವ ಬಸ್ಸಿನ ಕಡೆ ನೋಡಿದರು. ಕೊನೆಗೆ ಸಣ್ಣ ಸ್ವರದಲ್ಲಿ, "ಆ ಕಂಬ ಸ್ವಲ್ಪ ಹೊರಗೆ ಬಂದಿದೆ" ಎಂದರು.

"ನಾನೂ ಬೆಳಿಗ್ಗೆಯಿಂದ ಅದನ್ನೇ ಹೇಳುವುದು!" ಎಂದರು ಟೀಚರ್.

ಆಮೇಲೆ ಯಾರು ಮೊದಲು ನಕ್ಕದ್ದು ಎಂದು ನನಗೆ ಗೊತ್ತಿಲ್ಲ. ನನಗಂತೂ ಪಕ್ಕೆ ಹಿಡಿದುಕೊಳ್ಳುವ ಹಾಗಾಯಿತು. ಭಟ್ಟರು ಸ್ಟೂಲಿನಲ್ಲಿ ಕೂತು, ಗಾಡಿ ಮನೆಗೆ ಬಂದ ವಾರವೇ ಆ ಕಂಬಕ್ಕೆ ಉಜ್ಜಿದ್ದು, ಹೆಂಡತಿ ನಗುತ್ತಾಳೆಂದು ಕಾಲೇಜು ಹುಡುಗನನ್ನು ಹುಟ್ಟಿಸಿದ್ದು, ಹೇಳಿ ಹೇಳಿ ಆ ಹುಡುಗನ ಮುಖವೂ ತನಗೇ ಕಾಣತೊಡಗಿದ್ದು, ಎಲ್ಲ ಹೇಳಿದರು. "ಅವನಿಗೆ ಕುರುಚಲು ಗಡ್ಡ ಬೇರೆ ಉಂಟು ಅಂದಿದ್ದಿರಿ!" ಎಂದು ಟೀಚರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಗು ನಿಂತ ಮೇಲೆ ಟೀಚರ್ ಮತ್ತೆ ಅರ್ಥಕ್ಕೆ ಬಂದರು. ಈ ಸಲ ಸ್ವರ ನಡುಗಲಿಲ್ಲ.

"ಒಂದು ಸಂದೇಹ. ಗೀರು ಹಾಕಿದವರು ಕೀ ಒಪ್ಪಿಸಬೇಕು ಎಂಬುದು ತಾವೇ ಮಾಡಿದ ನಿಯಮವಲ್ಲವೇ? ನನ್ನದನ್ನು ತಮಗೆ ಒಪ್ಪಿಸಿದ್ದಾಯಿತು. ತಮ್ಮದನ್ನು ತಾವು ಯಾರಿಗೆ ಒಪ್ಪಿಸುತ್ತೀರಿ?"

ಭಟ್ಟರು ಹೆಂಡತಿಯನ್ನೇ ನೋಡಿದರು. ಅವರ ಮುಖದಲ್ಲಿ ಆಗ ಮೂಡಿದ್ದು ಸೋತವರ ಭಾವ ಅಲ್ಲ, ಹೆಮ್ಮೆ. ನನಗೆ ಅದು ಸರಿಯಾಗಿ ಕಂಡಿತು. "ಆದಿತ್ಯವಾರ ಬೆಳ್ತಂಗಡಿಯಲ್ಲಿ ನಿನ್ನ ಎದುರು ಅರ್ಥ ಹೇಳುವವರ ಗತಿ ದೇವರಿಗೇ ಪ್ರೀತಿ" ಎಂದು ಕಿಸೆಗೆ ಕೈ ಹಾಕಿ, ಕೀ ತೆಗೆದು ಅವರ ಅಂಗೈಯಲ್ಲಿಟ್ಟರು.

ಟೀಚರ್ ಗಡಿಯಾರ ನೋಡಿ ಹೌಹಾರಿದರು. ಅಭ್ಯಾಸಕ್ಕೆ ಹೊತ್ತಾಗಿತ್ತು. ಗಾಡಿಯನ್ನು ತಾವೇ ಹೊರಗೆ ತಂದು, ಹೆಲ್ಮೆಟ್ ಹಾಕಿ ಕೂತರು. ಭಟ್ಟರಿಗೆ ನನ್ನ ಹೆಲ್ಮೆಟ್ ಕೊಟ್ಟೆ. ಗುಲಾಬಿ ಬಣ್ಣದ್ದು, ಮೇಲೆ ಚಿಟ್ಟೆಯ ಚಿತ್ರ ಉಂಟು. ಒಂದು ಸಲ ಅದನ್ನೂ ನನ್ನನ್ನೂ ನೋಡಿ, ತಲೆಗೇರಿಸಿ, ಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತರು.

"ಭಟ್ರೇ, ಹಿಂದಿನ ಗೀರು ನಾಳೆ ತೆಗೆದುಕೊಡ್ತೇನೆ. ಗಾಡಿ ಕಳಿಸಿ" ಎಂದೆ.

"ಹಿಂದಿನದ್ದು ಬಿಡಿ ಕಾಂತಿಯಮ್ಮ" ಎಂದು ಭಟ್ಟರು ಕೈ ಬೀಸಿದರು.

"ಯಾವ ಹಿಂದಿನದ್ದು? ಸರಿಯಾಗಿ ಬಿಡಿಸಿ ಹೇಳಿ ಮಾರಾಯ್ರೆ, ಇನ್ನೊಮ್ಮೆ ನನ್ನಿಂದ ಆಗ್ಲಿಕ್ಕಿಲ್ಲ!"

ಅಷ್ಟಕ್ಕೇ ಟೀಚರಿಗೆ ಮತ್ತೆ ನಗು ಉಕ್ಕಿತು. ನಗುತ್ತಲೇ ಗಾಡಿ ಹೊರಡಿಸಿದರು. ಓಣಿಯ ಕೊನೆಯವರೆಗೂ ಸ್ಕೂಟರ್ ಒಂದಿಷ್ಟು ಆ ಕಡೆ, ಒಂದಿಷ್ಟು ಈ ಕಡೆ. ಭಟ್ಟರು ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಹೆಂಡತಿಯ ಭುಜ ಗಟ್ಟಿಯಾಗಿ ಹಿಡಿದಿದ್ದರು. ಟೀಚರ್ ನನಗೆ ಕೈ ಬೀಸಲೆಂದು ತಿರುಗಿ ನೋಡಲು ಹೊರಟಾಗ ನನ್ನ ಎದೆ ಧಸಕ್ಕೆಂದಿತು. ಆ ಗಡಿಬಿಡಿಯಲ್ಲಿ ಯಾವ ಕನ್ನಡ ನೆನಪಾಗುತ್ತದೆ?

"ದುಂಬು ತೂಲೆ ಟೀಚರೇ, ದುಂಬು ತೂಲೆ!" ಎಂದು ಬೊಬ್ಬೆ ಹೊಡೆದೆ.

ಟೀಚರ್ ಥಟ್ಟನೆ ಕತ್ತು ತಿರುಗಿಸಿ, ಮುಂದೆ ನೋಡಿಕೊಂಡು, ಓಣಿಯ ತಿರುವನ್ನು ಒಂದು ಕಲ್ಲೂ ತಾಗದ ಹಾಗೆ ದಾಟಿಸಿದರು. ಈ ಸಲ ಯಾರಿಗೂ ಅರ್ಥ ತಪ್ಪಲಿಲ್ಲ.